ಗಿಟಾರ್ ಬ್ಯಾಗಿನ ಜೇಬಿನ ಟ್ಯಾಬ್ ಪುಸ್ತಕ: ಮೊದಲರ್ಧ ಓದಿ, ಉಳಿದದ್ದಕ್ಕೆ ಪೆನ್ಸಿಲ್ ಹಿಡಿಯಿರಿ

ಬಳ್ಳಾರಿಯಲ್ಲಿ ಹೊಸಬರಿಗೆ ಅಂತ ಗಿಟಾರ್ ಕೊಂಡರೆ ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದಿಷ್ಟು ಸಾಮಾನು ತುಂಬಿ ಕೊಡುತ್ತಾರೆ. ಬೆಲ್ಟು, ತಂತಿ ಮೀಟೋ ಎರಡು ಪಿಕ್, ಒಂದು ಸೆಟ್ ತಂತಿ, ಅದರ ಸಂಗಡ ಒಂದು ತೆಳು ಟ್ಯಾಬ್ ಪುಸ್ತಕ, ಅಂದರೆ ಯಾವ ತಂತಿಯನ್ನ ಎಲ್ಲಿ ಒತ್ತಬೇಕು ಅಂತ ಅಂಕಿಗಳಲ್ಲಿ ಬರೆದದ್ದು. "ಬುಕ್ ಫ್ರೀ ಐತ್ರಿ ಸರ್, ಇದನ್ನ ನೋಡ್ಕೊಂತ ಕಲಿಬೌದು" ಅನ್ನೋ ಮಾತೂ ಜೊತೆಗೆ ಬರುತ್ತೆ. ಈ ವಿಮರ್ಶೆ ಗಿಟಾರಿನದಲ್ಲ, ಆ ಪುಸ್ತಕದ್ದು. ಎ4 ಹಾಳೆಯ ಅರ್ಧದಷ್ಟು, 32 ಪುಟ, ಪಿನ್ ಹೊಡೆದ ಬೈಂಡಿಂಗು, ಪ್ರಕಾಶಕರ ಹೆಸರು ಎಲ್ಲೂ ಇಲ್ಲ. ಇದೇ ಜಾತಿಯ ಪುಸ್ತಕ ರಾಯಚೂರು, ಕೊಪ್ಪಳದ ಕಡೆಯ ಕಿಟ್‌ಗಳಲ್ಲೂ ಸಿಕ್ಕೀತು. ರಟ್ಟಿನ ಬಣ್ಣ ಬೇರೆ ಇರಬಹುದು, ಒಳಗಿನ ತಪ್ಪುಗಳು ಮಾತ್ರ ಒಂದೇ ಮನೆತನದವು.

ನೇರ ಹೇಳೋದಾದರೆ, ಬೆರಳು ಎಲ್ಲಿ ಇಡಬೇಕು ಅನ್ನೋದನ್ನ ಪುಸ್ತಕ ಚೆನ್ನಾಗಿ ಹೇಳುತ್ತೆ. ಯಾವಾಗ ಇಡಬೇಕು ಅನ್ನೋದನ್ನ ಹೇಳೋದೇ ಇಲ್ಲ. ಆ ಅರ್ಧವನ್ನ ಓದೋರೇ ತುಂಬಿಕೊಳ್ಳಬೇಕು. ಭಜನೆಗೆ ಕೂತು ಚಪ್ಪಾಳೆ ತಟ್ಟಿದವರಿಗೆ, ಹಾರ್ಮೋನಿಯಂ ಕ್ಲಾಸಿಗೆ ನಾಲ್ಕು ತಿಂಗಳು ಹೋದವರಿಗೆ ಅದು ಅಷ್ಟೇನೂ ಕಷ್ಟ ಅಲ್ಲ.

ಪುಸ್ತಕದ ಅತ್ಯುತ್ತಮ ಪುಟ 3ನೇದು. ಟ್ಯಾಬ್ ಅಂದರೆ ಆರು ಅಡ್ಡ ಗೆರೆ, ಒಂದೊಂದು ಗೆರೆ ಒಂದೊಂದು ತಂತಿ. ಹೊಸಬರು ಮೊದಲು ಮುಗ್ಗರಿಸೋದು ಇಲ್ಲೇ. ಗಿಟಾರ್ ಹಿಡಿದು ಕೂತಾಗ ದಪ್ಪ ತಂತಿ ಮೇಲೆ, ಅಂದರೆ ಗದ್ದದ ಕಡೆ ಇರುತ್ತೆ. ಟ್ಯಾಬಿನಲ್ಲಿ ಅದೇ ದಪ್ಪ ತಂತಿ ಎಲ್ಲಕ್ಕಿಂತ ಕೆಳಗಿನ ಗೆರೆ. ಸಣ್ಣ ತಂತಿ ಒಂದನೇದು, ಮೇಲಿನ ಗೆರೆ. ಇದು ಯಾಕೆ ತಲೆಕೆಳಗು ಅಂತ ವಿವರಿಸೋ ಬದಲು ಪುಸ್ತಕ ಒಂದು ಚಿತ್ರ ಹಾಕಿದೆ: ಗಿಟಾರನ್ನ ತೊಡೆ ಮೇಲೆ ಅಂಗಾತ ಮಲಗಿಸಿ, ಕುತ್ತಿಗೆ ಎಡಕ್ಕೆ ಮಾಡಿ, ಮೇಲಿನಿಂದ ನೋಡೋ ಹಾಗೆ. ಹಾಗೆ ಮಲಗಿಸಿದಾಗ ದಪ್ಪ ತಂತಿ ಹೊಟ್ಟೆಯ ಕಡೆಗೆ ಬರುತ್ತೆ. ಮೇಜಿನ ಮೇಲಿಟ್ಟ ಕಾಗದದಲ್ಲೂ ಕೆಳಗಿನ ಗೆರೆ ನಿಮ್ಮ ಹೊಟ್ಟೆಯ ಕಡೆಗೇ ಇರುತ್ತೆ. ಎರಡೂ ಕೂಡಿಬಂದವು. ಈ ಗೊಂದಲ ಇವತ್ತಿನದಲ್ಲ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚಿ ಅನ್ನೋ ಮುದ್ರಕ ಅಚ್ಚುಹಾಕಿದ, ಲ್ಯೂಟ್ ಅನ್ನೋ ಹಳೇ ತಂತಿವಾದ್ಯದ ಟ್ಯಾಬ್‌ಗಳಲ್ಲಿ ದಪ್ಪ ತಂತಿಯೇ ಮೇಲಿನ ಗೆರೆ. ಹಿಡಿದು ಕೂತವನ ಕಣ್ಣಿಗೆ ಕಾಣೋ ಹಾಗೆ ಅವರು ಬರೆದರು, ಈಗಿನ ರೂಢಿ ಉಲ್ಟಾ.

4ನೇ ಪುಟ ಅಂಕಿಗಳದು. ಅಂಕಿ ಅಂದರೆ ಫ್ರೆಟ್, ಗಿಟಾರಿನ ಕುತ್ತಿಗೆ ಮೇಲೆ ಲೋಹದ ಪಟ್ಟಿಗಳು ಗುರುತಿಸೋ ಜಾಗ. 0 ಅಂದರೆ ಒತ್ತದೆ ಖಾಲಿ ತಂತಿ ಮೀಟು, 3 ಅಂದರೆ ಮೂರನೇ ಫ್ರೆಟ್ ಒತ್ತಿ ಮೀಟು. ಒಂದರ ಕೆಳಗೊಂದು ಅಂಕಿಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಮೀಟು, ಪಕ್ಕಪಕ್ಕ ಇದ್ದರೆ ಎಡದಿಂದ ಬಲಕ್ಕೆ ಒಂದಾದ ಮೇಲೊಂದು. ಪುಸ್ತಕ ಇಷ್ಟು ಹೇಳಿ ಮುಂದೆ ಹೋಗುತ್ತೆ. ಅಂಕಿ ಬೆರಳಿನದಲ್ಲ ಅಂತ ದಪ್ಪಕ್ಷರದಲ್ಲಿ ಒಂದು ಸಾಲು ಬೇಕಿತ್ತು. ಕಾರ್ಡ್, ಅಂದರೆ ಒಟ್ಟಿಗೆ ಮೀಟೋ ಸ್ವರಗಳ ಗುಂಪಿನ ಚಿತ್ರ ನೋಡಿ ಶುರು ಮಾಡಿದವರಿಗೆ 1 ಅಂದರೆ ತೋರುಬೆರಳು, 4 ಅಂದರೆ ಕಿರುಬೆರಳು ಅಂತ ತಲೆಯಲ್ಲಿ ಕೂತಿರುತ್ತೆ. ಅವರು ಟ್ಯಾಬಿನ 4 ನೋಡಿ ಕಿರುಬೆರಳನ್ನ ಎಲ್ಲೋ ಒಂದು ಕಡೆ ಒತ್ತುತ್ತಾರೆ. ಬೆರಳು ಎಲ್ಲಿ ಕೂರಬೇಕು ಅನ್ನೋದೂ ಇಲ್ಲಿಲ್ಲ: ಫ್ರೆಟ್ಟಿನ ಲೋಹದ ಪಟ್ಟಿಗೆ ಆದಷ್ಟು ಹತ್ತಿರ, ಅದರ ಹಿಂದೆ, ಅಂದರೆ ಕೀಲಿಗಳ ಕಡೆಗೆ. ಪಟ್ಟಿಯ ಮೇಲೇ ಕೂತರೆ ನಾದ ಮುಚ್ಚಿಹೋಗುತ್ತೆ, ತುಂಬ ಹಿಂದೆ ಸರಿದರೆ ಜುಂಯ್ ಅನ್ನುತ್ತೆ. ಕೊಂಡ ವಾರದಲ್ಲೇ "ಗಿಟಾರ್ ಡಿಫೆಕ್ಟ್ ಐತಿ" ಅಂತ ಅಂಗಡಿಗೆ ವಾಪಸ್ ಹೊತ್ತು ತರೋರು ಮೊದಲು ಇದನ್ನ ನೋಡಿಕೊಳ್ಳಲಿ.

ಶ್ರುತಿ ಮಾಡೋ ಪುಟ ಸರಿಯಾಗಿದೆ. 6ನೇ ತಂತಿಯ 5ನೇ ಫ್ರೆಟ್ ನಾದ 5ನೇ ಖಾಲಿ ತಂತಿಗೆ ಸಮ. 5ರದು 4ಕ್ಕೆ, 4ರದು 3ಕ್ಕೆ ಹೀಗೇ ಐದನೇ ಫ್ರೆಟ್ಟಿನಿಂದ. 3ನೇ ತಂತಿಯಿಂದ 2ನೇದಕ್ಕೆ ಮಾತ್ರ 4ನೇ ಫ್ರೆಟ್, ಆಮೇಲೆ ಮತ್ತೆ 5. ಈ ಒಂದು 4ನ್ನ ಮರೆತರೆ ಎರಡನೇ ತಂತಿ ಅರ್ಧ ಸ್ವರ ಏರಿ ಕೂರುತ್ತೆ, ಒಂದನೇದೂ ಅದರ ಹಿಂದೆ ಏರುತ್ತೆ, ಟ್ಯಾಬ್ ನೋಡಿ ಸರಿಯಾಗೇ ನುಡಿಸಿದರೂ ಏನೋ ಕಿರಿಕಿರಿ. ಪುಸ್ತಕದಲ್ಲಿ ಇಲ್ಲದ್ದು ಅಂದರೆ ಶುರು ಮಾಡೋ 6ನೇ ತಂತಿಯನ್ನ ಯಾವುದಕ್ಕೆ ಸೇರಿಸೋದು ಅನ್ನೋದು. ಫೋನಿನ ಟ್ಯೂನರ್ ಇದ್ದರೆ ಸರಿ. ಇಲ್ಲದಿದ್ದರೆ ಮನೆಯ ಹಾರ್ಮೋನಿಯಂ ಸಾಕು. ಬಿಳಿ 1ನ್ನ ಸಿ ಅಂತ ಹಿಡಿದರೆ ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಬಿಳಿ 3, 6, 2, 5, 7, 3. ಅದೇ ಇ, ಎ, ಡಿ, ಜಿ, ಬಿ, ಇ. ಹಾರ್ಮೋನಿಯಂನಲ್ಲಿ ಅಷ್ಟು ಕೆಳಗಿನ ಮಂದ್ರ ಸಿಗದೇ ಹೋದರೆ ಮೇಲಿನ ಸಪ್ತಕದ ಅದೇ ಸ್ವರ ಒತ್ತಿಕೊಂಡು, ತಂತಿಯನ್ನ ಅದರ ಒಂದು ಸಪ್ತಕ ಕೆಳಗೆ ನಿಲ್ಲಿಸಬೇಕು. ಒಂದನೇ ತಂತಿಯ ಹತ್ತಿರ ಮಾತ್ರ ಹುಷಾರು. ಅದನ್ನ ತಪ್ಪಿ ಮೇಲಿನ ಸಪ್ತಕಕ್ಕೆ ಬಿಗಿಯೋಕೆ ಹೋದರೆ ಅರ್ಧ ದಾರಿಯಲ್ಲೇ ಪಟ್ ಅಂತ ಹೋಗುತ್ತೆ. ಕಿಟ್ಟಿನ ಹೆಚ್ಚುವರಿ ತಂತಿ ಖರ್ಚಾಗೋದು ಬಹುಪಾಲು ಹೀಗೇ.

6ರಿಂದ 9ರವರೆಗೆ ಅಭ್ಯಾಸಗಳು. ಒಂದೊಂದು ತಂತಿಯ ಮೇಲೆ 0-1-2-3 ಏರಿಳಿತ, ಆಮೇಲೆ ತಂತಿ ದಾಟೋದು. ಬೇಜಾರು ಹಿಡಿಸುತ್ತೆ, ಆದರೆ ಕಣ್ಣಿಗೂ ಕೈಗೂ ಗಂಟು ಬೀಳೋದು ಇಲ್ಲೇ. ಅದರ ಜೊತೆಗೆ ಪುಸ್ತಕದಲ್ಲಿ ಇಲ್ಲದ ಒಂದನ್ನ ಪುಟದ ಅಂಚಿನಲ್ಲಿ ಬರೆದುಕೊಳ್ಳಿ. ಸರಳೆ ವರಸೆಯ ಮೊದಲ ಸಾಲಿನ ಏರಿಕೆ, ಮಾಯಾಮಾಳವಗೌಳದಲ್ಲಿ. ಹಿಂದೂಸ್ತಾನಿ ಕಲಿತವರಿಗೆ ಇದೇ ಭೈರವದ ಸ್ವರಗಳು. ಐದನೇ ತಂತಿಯ 3ನೇ ಫ್ರೆಟ್ ಷಡ್ಜ.

1|-------------|-------------|
2|-------------|-------0--1--|
3|-------------|-0--1--------|
4|-------2--3--|-------------|
5|-3--4--------|-------------|
6|-------------|-------------|

ಸ ರಿ ಗ ಮ ಮೊದಲ ಮನೆಯಲ್ಲಿ, ಅಂದರೆ ಎರಡು ನಿಲುಗೆರೆಗಳ ನಡುವಿನ ಭಾಗದಲ್ಲಿ, ಪ ದ ನಿ ಸ ಎರಡನೇದರಲ್ಲಿ. ಬೆರಳು: 3ಕ್ಕೆ ಉಂಗುರ, 4ಕ್ಕೆ ಕಿರು, ನಾಲ್ಕನೇ ತಂತಿಯ 2ಕ್ಕೆ ನಡು, 3ಕ್ಕೆ ಉಂಗುರ, ಪಂಚಮ ಖಾಲಿ ತಂತಿ, ಧೈವತದ 1ಕ್ಕೆ ತೋರು, ನಿಷಾದ ಖಾಲಿ, ಮೇಲಿನ ಷಡ್ಜದ 1ಕ್ಕೆ ಮತ್ತೆ ತೋರು. ಒಂದು ಫ್ರೆಟ್ಟಿಗೆ ಒಂದು ಬೆರಳು ಅನ್ನೋ ನಿಯಮ ತಾನಾಗೇ ಪಾಲನೆಯಾಯಿತು. ಇದರ ಲಾಭ ಏನಂದರೆ, ಸ್ವರ ಮೊದಲೇ ಕಿವಿಯಲ್ಲಿದೆ. ತಪ್ಪು ಗೆರೆ ಓದಿದರೆ, ಪಕ್ಕದ ಫ್ರೆಟ್ ಒತ್ತಿದರೆ ಆ ಕ್ಷಣವೇ ಗೊತ್ತಾಗುತ್ತೆ. ಪುಸ್ತಕದ 0-1-2-3ರಲ್ಲಿ ತಪ್ಪು ನುಡಿಸಿದರೂ ಅದೂ ಒಂದು ಅಭ್ಯಾಸದ ಹಾಗೇ ಕೇಳುತ್ತೆ. ಪಂಚಮ, ನಿಷಾದ ಖಾಲಿ ತಂತಿಯಾದ್ದರಿಂದ ಅಲ್ಲಿ ಕಂಪನ ಹಾಕೋಕೆ ಬರಲ್ಲ. ಇಲ್ಲಿ ಕಲಿಯುತ್ತಿರೋದು ಓದೋದನ್ನ, ಹಾಡೋದನ್ನಲ್ಲ.

ಇನ್ನು ದೊಡ್ಡ ದೂರು. 10ನೇ ಪುಟದಿಂದ ಸಣ್ಣ ಸಣ್ಣ ರಾಗದ ತುಣುಕುಗಳು ಬರುತ್ತವೆ, ಅಲ್ಲಿ ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನೋ ಗುರುತು ಒಂದೂ ಇಲ್ಲ. ಒಳ್ಳೆಯ ಅಚ್ಚಿನ ಟ್ಯಾಬಿನಲ್ಲಿ ಅಂಕಿಯ ಕೆಳಗೆ ಪುಟ್ಟ ಕಡ್ಡಿ, ಕಡ್ಡಿಗೆ ಬಾಲ ಇರುತ್ತೆ. ಇಲ್ಲವೇ ಮೇಲೆ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆ, ಕೆಳಗೆ ಟ್ಯಾಬಿನ ಆರು ಗೆರೆ ಜೋಡಿಯಾಗಿ ಇರುತ್ತವೆ. ಇಲ್ಲಿ ಎರಡೂ ಇಲ್ಲ. ಅದಕ್ಕಿಂತ ಕೆಟ್ಟದ್ದು, ಅಂಕಿಗಳ ನಡುವಿನ ಜಾಗ ಎಲ್ಲ ಕಡೆ ಒಂದೇ. ಎರಡು ಮಾತ್ರೆ ನಿಲ್ಲಬೇಕಾದ ಸ್ವರವೂ ಅರ್ಧ ಮಾತ್ರೆಯದೂ ಕಾಗದದ ಮೇಲೆ ಅವಳಿಜವಳಿ. ಹಾಡು ಮೊದಲೇ ಗೊತ್ತಿದ್ದವನಿಗೆ ನಡೆಯುತ್ತೆ, ಗೊತ್ತಿಲ್ಲದವನಿಗೆ ಅದು ಬರೀ ಫೋನ್ ನಂಬರು.

ಪರಿಹಾರ ಪೆನ್ಸಿಲ್‌ನಲ್ಲಿದೆ. ಆ ತುಣುಕನ್ನ ಒಂದು ಸಲ ಎಲ್ಲಾದರೂ ಕೇಳಿಕೊಂಡು, ಪ್ರತಿ ಅಂಕಿಯ ಕೆಳಗೆ ಅಕ್ಷರ ಬರೆಯಿರಿ. ಒಂದು ಚಪ್ಪಾಳೆಗೆ ಒಂದೇ ಸ್ವರವಾದರೆ ಒಂದು "ತ". ಒಂದು ಚಪ್ಪಾಳೆಯಲ್ಲಿ ಎರಡಾದರೆ "ತಕ", ಮೂರಾದರೆ "ತಕಿಟ", ನಾಲ್ಕಾದರೆ "ತಕಧಿಮಿ". ಎರಡು ಚಪ್ಪಾಳೆ ನಿಲ್ಲೋ ಸ್ವರದ ಮುಂದೆ ಒಂದು ಅಲ್ಪವಿರಾಮ. ಪುಸ್ತಕದಲ್ಲಿ ಸಾಲಿನ ಶುರುವಿಗೆ ತಾಳದ ಗುರುತಾಗಿ ನಾಲ್ಕರ ಮೇಲೆ ನಾಲ್ಕು ಅಂತ ಬರೆದಿದ್ದರೆ ಅದರ ಎರಡು ಮನೆ ಸೇರಿ ಆದಿತಾಳದ ಒಂದು ಆವರ್ತ, ಎಂಟು ಅಕ್ಷರ. ಭಜನೆಯವರ ಲೆಕ್ಕದಲ್ಲಿ ಒಂದು ಕಹರವಾ. ಆರರ ಮೇಲೆ ಎಂಟು ಅಂತಿದ್ದರೆ ದಾದ್ರಾದ ಆರು ಮಾತ್ರೆಯ ಹಾಗೆ ಎಣಿಸಿ. ತಾಳ ಬಡಿಯೋ ಮೆಟ್ರೋನೋಮ್ 60ಕ್ಕೆ ಇಟ್ಟು, ಅಂದರೆ ಸೆಕೆಂಡಿಗೆ ಒಂದು ಟಕ್, ಮೊದಲು ಗಿಟಾರ್ ಮುಟ್ಟದೆ ಬಾಯಲ್ಲಿ ಹೇಳಿ, ಆಮೇಲೆ ನುಡಿಸಿ. ಮೂರು ಸಲ ತಪ್ಪಿಲ್ಲದೆ ಬಂದರೆ 64. ಒಂದೇ ದಿನ 60ರಿಂದ 90ಕ್ಕೆ ಹಾರಿದರೆ ಕೈ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತೆ.

15ನೇ ಪುಟದ ಕಾರ್ಡ್‌ಗಳಲ್ಲಿ ಒಂದು ಅಪ್ಪಟ ತಪ್ಪಿದೆ. ಸಿ ಮೇಜರ್ ಟ್ಯಾಬಿನಲ್ಲಿ ಮೇಲಿನಿಂದ ಕೆಳಕ್ಕೆ 0, 1, 0, 2, 3, ಗುಣಾಕಾರ ಚಿಹ್ನೆ ಅಂತ ಇರಬೇಕು. ಆ ಚಿಹ್ನೆ ಅಂದರೆ ಆರನೇ ತಂತಿ ಮೀಟಬೇಡ ಅಂತ. ಪುಸ್ತಕದಲ್ಲಿ ಮೇಲಿನಿಂದ ಕೆಳಕ್ಕೆ ಗುಣಾಕಾರ, 3, 2, 0, 1, 0 ಅಂತ ಅಚ್ಚಾಗಿದೆ. ಹೀಗೆ ಆಗೋದಕ್ಕೆ ಕಾರಣ ಇದೆ. ಕಾರ್ಡನ್ನ ಒಂದೇ ಸಾಲಿನಲ್ಲಿ ಬರೆಯುವಾಗ ದಪ್ಪ ತಂತಿಯಿಂದ ಶುರು ಮಾಡಿ ಎಡದಿಂದ ಬಲಕ್ಕೆ ಬರೆಯೋದು ರೂಢಿ. ಅದನ್ನ ಯಾರೋ ಹಾಗೇ ಎತ್ತಿ ಮೇಲಿನ ಗೆರೆಯಿಂದ ಕೆಳಕ್ಕೆ ಇಳಿಸಿದ್ದಾರೆ. ಅಚ್ಚಾದ ಹಾಗೆ ನುಡಿಸಿದರೆ ಬರೋದು ಇ, ಎ ಶಾರ್ಪ್, ಡಿ, ಎ, ಮತ್ತೆ ಡಿ. ಎ ಮತ್ತು ಎ ಶಾರ್ಪ್ ಎರಡೂ ಒಂದೇ ಮೀಟಿನಲ್ಲಿ ಕೂಡಿದರೆ ಕಿವಿ ಮುಚ್ಚಿಕೊಳ್ಳಬೇಕು. ಕಲಿಯೋ ಹುಡುಗರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಅದೇ ಪುಟದ ಜಿ ಮೇಜರ್ ಸರಿಯಿದೆ: ಮೇಲಿನಿಂದ 3, 0, 0, 0, 2, 3. ಅನುಮಾನ ಬಂದಾಗ ಒಂದು ಸುಲಭದ ಪರೀಕ್ಷೆ ಮಾಡಿ. ಶುರುವಿನ ಸಿ, ಡಿ, ಎ ಕಾರ್ಡ್‌ಗಳಲ್ಲಿ ಮೀಟಬಾರದ ತಂತಿ ದಪ್ಪದ ಕಡೆ ಇರುತ್ತೆ, ಅಂದರೆ ಗುಣಾಕಾರ ಚಿಹ್ನೆ ಕೆಳಗಿನ ಗೆರೆಗಳಲ್ಲೇ ಬರಬೇಕು. ಮೇಲಿನ ಗೆರೆಯಲ್ಲಿ ಕಂಡರೆ ಕಾರ್ಡ್ ಬೋರಲಾಗಿದೆ.

ಚಿಹ್ನೆಗಳ ಪಟ್ಟಿ 17ನೇ ಪುಟದಲ್ಲಿ. ಎಚ್ ಅಂದರೆ ಹ್ಯಾಮರ್, ಪಿ ಅಂದರೆ ಪುಲ್, ಓರೆ ಗೆರೆ ಅಂದರೆ ಜಾರಿಸು, ಬಿ ಅಂದರೆ ಬೆಂಡ್, ಅಲೆಗೆರೆ ಅಂದರೆ ಕಂಪನ. 5, ಎಚ್, 7 ಅಂತಿದ್ದರೆ ಮೀಟೋದು 5ನ್ನ ಒಂದೇ ಸಲ, 7ರ ಮೇಲೆ ಬೆರಳನ್ನ ಸುತ್ತಿಗೆ ಹಾಗೆ ಬೀಳಿಸಿ ನಾದ ಎಬ್ಬಿಸೋದು. ಎರಡನ್ನೂ ಪಿಕ್ಕಿನಿಂದ ಮೀಟಿದರೆ ಆ ಚಿಹ್ನೆಗೆ ಅರ್ಥವೇ ಇಲ್ಲ. ಪುಸ್ತಕ ಈ ಒಂದು ಮಾತು ಬಿಟ್ಟಿದೆ. ಪಿಕ್ಕಿನ ದಿಕ್ಕಿನ ಗುರುತಿನಲ್ಲೂ ಎಡವೋರು ಬಹಳ. ವಿ ಆಕಾರದ್ದು ಕೆಳಗೆ ತೋರಿಸೋ ಬಾಣದ ಹಾಗೆ ಕಾಣುತ್ತೆ, ಆದರೆ ಅದು ಮೇಲಕ್ಕೆ ಮೀಟು ಅಂತ. ಬಾಗಿಲ ಚೌಕಟ್ಟಿನ ಹಾಗಿರೋದು ಕೆಳಕ್ಕೆ.

ಬೆಂಡ್ ವಿಷಯದಲ್ಲಿ ಪುಸ್ತಕ ಯಾರಿಗೆ ಬರೆದದ್ದು ಅಂತಲೇ ಅನುಮಾನ ಬರುತ್ತೆ. 7, ಬಿ, 9 ಅಂದರೆ 7ನೇ ಫ್ರೆಟ್ ಒತ್ತಿ, 9ರ ನಾದ ಬರೋವರೆಗೂ ತಂತಿಯನ್ನ ಪಕ್ಕಕ್ಕೆ ಎಳೆಯೋದು. ಎಲೆಕ್ಟ್ರಿಕ್ ಗಿಟಾರಿನ 9ರಿಂದ 42ರ (ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಸಣ್ಣ ತಂತಿ, ಮೇಲೆ ಇನ್ನೊಂದು ತಂತಿ ಸುತ್ತಿಲ್ಲದ ಮೂರನೇ ತಂತಿ, ಅಲ್ಲಿ ಇದು ಸರಾಗ. ಕಿಟ್ಟಿನಲ್ಲಿ ಬರೋದು ಅಕೌಸ್ಟಿಕ್. 12ರಿಂದ 53ರ ಸೆಟ್ಟಿನಲ್ಲಿ ಮೂರನೇ ತಂತಿಯೂ ಸುತ್ತಿದ್ದು. ಅದರ ಮೇಲೆ ಪೂರ್ತಿ ಸ್ವರ ಎಳೆಯೋಕೆ ಹೋದರೆ ಹೊಸಬರ ಬೆರಳಿನ ತುದಿಗೆ ಬರೆ ಬೀಳುತ್ತೆ. ಪುಸ್ತಕದ ಬೆಂಡ್ ಅಭ್ಯಾಸಗಳನ್ನ ಬಿಟ್ಟುಬಿಡಿ. ಬೇಕೇ ಬೇಕು ಅಂದರೆ ಬೆಂಡ್ ಬದಲು 7ರಿಂದ 9ಕ್ಕೆ ಜಾರಿಸಿ. ಜಾರು ನಮ್ಮ ಕಿವಿಗೆ ಹೊಸದೇನಲ್ಲ.

20ರಿಂದ ಕೊನೆಯವರೆಗೆ ಹಾಡುಗಳ ಟ್ಯಾಬ್. ಇದು ಪುಸ್ತಕದ ಅತಿ ಬಡವಾದ ಭಾಗ, ಇದನ್ನೇ ತೋರಿಸಿ ಮಾರೋದು. ಕ್ಯಾಪೋ (ಕುತ್ತಿಗೆಗೆ ಹಾಕಿ ಎಲ್ಲ ತಂತಿ ಒತ್ತಿಹಿಡಿಯೋ ಕ್ಲಿಪ್ಪು) ಹಾಕಬೇಕಾ, ಯಾವ ಫ್ರೆಟ್ಟಿಗೆ, ತಂತಿಗಳನ್ನ ಅರ್ಧ ಸ್ವರ ಇಳಿಸಬೇಕಾ, ಆರನೇದನ್ನ ಡಿಗೆ ತರಬೇಕಾ, ಯಾವುದನ್ನೂ ಬರೆದಿಲ್ಲ. ಕ್ಯಾಪೋ ಇದ್ದಾಗ ಟ್ಯಾಬಿನ 0 ಅಂದರೆ ಕ್ಯಾಪೋ ಇರೋ ಜಾಗ, 2 ಅಂದರೆ ಅದರಿಂದ ಎರಡನೇ ಫ್ರೆಟ್. ಅದು ಗೊತ್ತಿಲ್ಲದೆ ಮೂಲ ಹಾಡಿನ ಜೊತೆ ನುಡಿಸಿದರೆ ಬೆರಳೆಲ್ಲ ಸರಿ, ಶ್ರುತಿ ಮಾತ್ರ ಬೇರೆ ಊರಿನದು. ಅಚ್ಚಿನ ಗೋಳು ಇನ್ನೊಂದು. 10 ಅಂತ ಇರಬೇಕಾದ್ದು 1, ಒಂದು ಸಣ್ಣ ಗೆರೆ, 0 ಅಂತ ಒಡೆದುಹೋಗಿದೆ. ಹತ್ತನೇ ಫ್ರೆಟ್ಟಿನ ಬದಲು ಒಂದನೇ ಫ್ರೆಟ್, ಆಮೇಲೆ ಖಾಲಿ ತಂತಿ ಅಂತ ಓದಿಕೊಳ್ಳಬೇಕಾಗುತ್ತೆ. 8, 9, 12ರ ನಡುವೆ ಇದ್ದಕ್ಕಿದ್ದಂತೆ 1 ಮತ್ತು 0 ಬಂದರೆ ಅದು ಹತ್ತೇ ಅಂತ ತಿದ್ದಿಕೊಳ್ಳಿ. ಎಡಗೈ ಅಷ್ಟು ದೂರ ನೆಗೆದು ಬರೋ ಸಾಲನ್ನ ಹೊಸಬರಿಗೆ ಯಾರೂ ಬರೆಯಲ್ಲ.

ಟ್ಯಾಬಿನ ಸಾಲು ವಿಚಿತ್ರ ಅನಿಸಿದಾಗ ನೆನಪಿಡಬೇಕಾದ್ದು, ಒಂದೇ ಸ್ವರಕ್ಕೆ ಗಿಟಾರಿನಲ್ಲಿ ಹಲವು ಜಾಗಗಳಿವೆ. ಒಂದನೇ ಖಾಲಿ ತಂತಿಯ ನಾದವೇ ಎರಡನೇದರ 5ರಲ್ಲಿ, ಮೂರನೇದರ 9ರಲ್ಲಿ ಸಿಗುತ್ತೆ. ಕೈ ಕಿತ್ತುಹೋಗೋ ಹಾಗೆ ನೆಗೆಯಬೇಕಾದರೆ ಅದೇ ಸ್ವರವನ್ನ ಹತ್ತಿರದ ತಂತಿಯಲ್ಲಿ ಹುಡುಕಿ ಅಂಕಿ ಬದಲಾಯಿಸಿಕೊಳ್ಳೋದರಲ್ಲಿ ತಪ್ಪೇನಿಲ್ಲ.

ಪುಟದ ಅಳತೆ ಎ5. ಸ್ಟ್ಯಾಂಡಿನ ಮೇಲಿಟ್ಟು ಒಂದು ಮೊಳ ದೂರದಿಂದ ನೋಡಿದರೆ 6 ಯಾವುದು 8 ಯಾವುದು ತಿಳಿಯಲ್ಲ, ಪಿನ್ನಿನ ಬೈಂಡಿಂಗ್ ಬೇರೆ ಪುಟ ತೆರೆದು ಕೂರೋಕೆ ಬಿಡಲ್ಲ. ಬೇಕಾದ ಹತ್ತು ಹನ್ನೆರಡು ಪುಟಗಳನ್ನ ಜೆರಾಕ್ಸ್ ಅಂಗಡಿಯಲ್ಲಿ 141 ಪರ್ಸೆಂಟ್ ಮಾಡಿಸಿ ಎ4ಗೆ ತನ್ನಿ, ಸರಿಯಾಗಿ ಕೂರುತ್ತೆ. ಕಪ್ಪು ಜಾಸ್ತಿ ಇಡಬೇಡಿ ಅಂತ ಹೇಳಿ, ಗೆರೆ ದಪ್ಪ ಆದರೆ ಅಂಕಿಯನ್ನ ನುಂಗುತ್ತೆ. ಅಕ್ಷರಗಳಲ್ಲಿ ಟೈಪ್ ಮಾಡಿದ ಟ್ಯಾಬನ್ನ ವಾಟ್ಸಾಪ್‌ನಲ್ಲಿ ಕಳಿಸೋರಿಗೂ ಒಂದು ಮಾತು. ಅಲ್ಲಿನ ಮಾಮೂಲಿ ಅಕ್ಷರಗಳ ಅಗಲ ಒಂದೇ ಇರಲ್ಲ, ಹಾಗಾಗಿ ಕಂಬಸಾಲು ಕದಡಿ ಯಾವ ಅಂಕಿ ಯಾವುದರ ಕೆಳಗೆ ಅಂತ ಗೊತ್ತಾಗಲ್ಲ. ಶುರುವಿಗೆ ಮೂರು, ಕೊನೆಗೆ ಮೂರು ಬ್ಯಾಕ್‌ಟಿಕ್ ಹಾಕಿ ಕಳಿಸಿದರೆ ಎಲ್ಲ ಅಕ್ಷರ ಸಮ ಅಗಲಕ್ಕೆ ಬಂದು ಗೆರೆ ಕೂಡುತ್ತೆ. ಅದಕ್ಕಿಂತ ಫೋಟೋ ತೆಗೆದು ಕಳಿಸೋದು ಇನ್ನೂ ವಾಸಿ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಟಕ್ಸ್‌ಗಿಟಾರ್ ಅನ್ನೋ ತಂತ್ರಾಂಶ ಹಾಕಿಕೊಳ್ಳಿ. ಪೂರ್ತಿ ಉಚಿತ, ಗಿಟಾರ್ ಪ್ರೊ ಅನ್ನೋ ಇನ್ನೊಂದು ಟ್ಯಾಬ್ ತಂತ್ರಾಂಶದ ಕಡತಗಳನ್ನೂ ತೆರೆಯುತ್ತೆ, ಟ್ಯಾಬನ್ನ ನುಡಿಸಿ ತೋರಿಸುತ್ತೆ, ವೇಗ ತಗ್ಗಿಸಿ ಒಂದೇ ಮನೆಯನ್ನ ಮತ್ತೆ ಮತ್ತೆ ಕೇಳಬಹುದು. ಪುಸ್ತಕ ಕೊಡದ ಕಾಲವನ್ನ ಅದು ಕೊಡುತ್ತೆ. ಪುಸ್ತಕದ ನಾಲ್ಕು ಸಾಲನ್ನ ಅದರಲ್ಲಿ ನೀವೇ ತುಂಬಿಸಿ ನೋಡಿ. ಒಂದೊಂದು ಸ್ವರಕ್ಕೂ ಎಷ್ಟು ಮಾತ್ರೆ ಅಂತ ಅಲ್ಲಿ ನೀವೇ ಆರಿಸಬೇಕು, ಆಗ ಕಡ್ಡಿ ಬಾಲಗಳ ಅರ್ಥ ಒಂದು ಸಂಜೆಯಲ್ಲಿ ಬರುತ್ತೆ. ಫೋನಿನಲ್ಲೇ ನೋಡೋರಿಗೆ ಸಾಂಗ್‌ಸ್ಟರ್ ಅನ್ನೋ ಆ್ಯಪ್ ಅನುಕೂಲ, ಓಡೋ ಟ್ಯಾಬಿನ ಜೊತೆಗೆ ನಾದವೂ ಕೇಳುತ್ತೆ. ಆದರೆ ಪರದೆಯನ್ನ ಹಿಂಬಾಲಿಸೋದೇ ಅಭ್ಯಾಸ ಆದರೆ ಮುಂದಿನ ಮನೆಯ ಕಡೆ ಕಣ್ಣು ಮೊದಲೇ ಹೋಗೋ ಗುಣ ಬೆಳೆಯಲ್ಲ. ಕಾಗದ ಈ ಒಂದು ವಿಷಯದಲ್ಲಿ ಮೇಲು.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಹೊರಗಿನ ಪುಸ್ತಕಗಳು ಬರೆಯಲ್ಲ, ಇದೂ ಬರೆದಿಲ್ಲ. ಏಪ್ರಿಲ್ ಮೇಯಲ್ಲಿ 40 ಡಿಗ್ರಿ ದಾಟಿದಾಗ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತೆ, ಕೂಲರ್ ಮುಂದೆ ಕೂತರೆ ತೇವಕ್ಕೆ ಮರ ಉಬ್ಬುತ್ತೆ, ತಂತಿ ತುಕ್ಕು ಹಿಡಿಯುತ್ತೆ. ಬೆಳಿಗ್ಗೆ ಮಾಡಿದ ಶ್ರುತಿ ಮಧ್ಯಾಹ್ನಕ್ಕೆ ಇರಲ್ಲ. ಟ್ಯಾಬ್ ತೆರೆಯೋ ಮುಂಚೆ ಪ್ರತಿ ಸಲ 5-5-5-4-5 ನೋಡಿಕೊಳ್ಳಿ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಬೆವರು ಒರೆಸಿ.

ಹಾಗಾದರೆ ಪುಸ್ತಕ ಇಟ್ಟುಕೊಳ್ಳೋದಾ? ಬಿಟ್ಟಿ ಬಂದರೆ ಖಂಡಿತ. 3ರಿಂದ 9ನೇ ಪುಟ, ಮತ್ತೆ ತಿದ್ದಿಕೊಂಡ 15 ಮತ್ತು 17, ಇಷ್ಟು ಒಂದೂವರೆ ತಿಂಗಳ ಕೆಲಸ. ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳೋ ಹಾಗಿದ್ದರೆ ಬೇಡ, ಅದೇ ದುಡ್ಡಿಗೆ ಕ್ಯಾಪೋ ಕಡೆ ನೋಡಿ. ಬೇರೆ ಪುಸ್ತಕ ಹುಡುಕೋರು ಅಂಗಡಿಯಲ್ಲೇ ನಿಂತು ಎರಡು ಪರೀಕ್ಷೆ ಮಾಡಿ. ನಡುವಿನ ಯಾವುದಾದರೂ ಪುಟ ತೆರೆದು ಅಂಕಿಗಳ ಕೆಳಗೆ ಕಡ್ಡಿ ಇದೆಯಾ ನೋಡಿ. ಆಮೇಲೆ ಸಿ ಮೇಜರ್ ಹುಡುಕಿ, ಗುಣಾಕಾರ ಚಿಹ್ನೆ ಕೆಳಗಿನ ಗೆರೆಯಲ್ಲಿದೆಯಾ ನೋಡಿ. ಎರಡರಲ್ಲಿ ಒಂದು ತಪ್ಪಿದರೂ ಪುಸ್ತಕವನ್ನ ಅದರ ಜಾಗಕ್ಕೇ ವಾಪಸ್ ಇಟ್ಟು ಬನ್ನಿ.